ಸಾವಯವ, ಲೋಕಲ್, ನಾಟಿ: ಮೂರೂ ಒಂದೇ ಅಲ್ಲ, ಯಾವುದಕ್ಕೆ ಎಷ್ಟು ದುಡ್ಡು ಕೊಡಬಹುದು?

ಕೊಳ್ಳೇಗಾಲ: ಒಂದು ಕಿಲೋ ರಾಗಿ ಹಿಟ್ಟಿನ 'ಆರ್ಗ್ಯಾನಿಕ್' ಪ್ಯಾಕೆಟ್ ಕೈಗೆತ್ತಿಕೊಂಡು, ಬೆಲೆ ನೋಡಿ, ಮತ್ತೆ ಅದೇ ಜಾಗದಲ್ಲಿ ಇಟ್ಟು ಬರುವವರು ಬಹಳ ಮಂದಿ. ಮಕ್ಕಳಿಗೆ ಔಷಧಿ ಹೊಡೆಯದ ಊಟ ಕೊಡಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಆದರೆ ಮಾಮೂಲಿ ರಾಗಿಯ ಎರಡು ಪಟ್ಟು ಬೆಲೆ ಕೊಡೋದು ತಿಂಗಳ ಸಂಬಳದಲ್ಲಿ, ಕೂಲಿಯಲ್ಲಿ ಆಗುವ ಮಾತಲ್ಲ. ಸ್ವಾರಸ್ಯ ಏನೆಂದರೆ, ಆ ಪ್ಯಾಕೆಟ್‌ನಲ್ಲಿರುವಂಥದ್ದೇ ರಾಗಿ ಕೊಳ್ಳೇಗಾಲದಿಂದ 25 ಕಿಲೋಮೀಟರ್ ಆಸುಪಾಸಿನ ಹನೂರಿನ ಹೊಲಗಳಲ್ಲಿ ಪ್ರತಿ ವರ್ಷ ಬೆಳೆಯುತ್ತದೆ.

ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಎಲ್ಲಿ ಕೊಟ್ಟರೆ ಉಪಯೋಗ, ಎಲ್ಲಿ ಕೊಟ್ಟರೆ ದಂಡ? ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಟ್ಟಿಗೆ ಇದಕ್ಕೆ ಉತ್ತರ ಬೆಂಗಳೂರಿನ ಉತ್ತರಕ್ಕಿಂತ ಬೇರೆ.

ಮೂರು ಮಾತು, ಮೂರು ಅರ್ಥ

ಸಂತೆಯಲ್ಲಿ 'ನಾಟಿ', 'ಲೋಕಲ್', 'ಸಾವಯವ' ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ.

ನಾಟಿ ಅನ್ನೋದು ತಳಿಯ ಮಾತು. ನಾಟಿ ಟೊಮೆಟೊ ಹುಳಿ ಜಾಸ್ತಿ, ಸಾರಿಗೆ ಚೆನ್ನ. ಆದರೆ ನಾಟಿ ಟೊಮೆಟೊಗೂ ಔಷಧಿ ಹೊಡೆಯಬಹುದು, ಹೊಡೆಯುತ್ತಾರೆ ಕೂಡ. ಮೊಟ್ಟೆಯದೂ ಇದೇ ಕಥೆ. ಸಿಪ್ಪೆ ಕಂದು ಬಣ್ಣ ಇದ್ದ ಮಾತ್ರಕ್ಕೆ ಅದು ನಾಟಿ ಕೋಳಿ ಮೊಟ್ಟೆ ಅಲ್ಲ. ಸಿಪ್ಪೆಯ ಬಣ್ಣ ತೀರ್ಮಾನ ಆಗುವುದು ಕೋಳಿಯ ತಳಿಯಿಂದ, ಅದು ಬಯಲಲ್ಲಿ ಮೇಯ್ದಿದೆಯೋ ಇಲ್ಲವೋ ಅನ್ನುವುದರಿಂದಲ್ಲ. ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯನ್ನೇ ನಾಟಿ ಅಂದುಕೊಂಡು ಕೊಳ್ಳುವವರೂ ಇದ್ದಾರೆ.

ಲೋಕಲ್ ಅನ್ನೋದು ದೂರದ ಮಾತು. ಹತ್ತಿರದಲ್ಲಿ ಬೆಳೆದದ್ದು ತಾಜಾ ಇರುತ್ತದೆ, ದಲ್ಲಾಳಿ ಮತ್ತು ಲಾರಿ ಬಾಡಿಗೆ ಕಡಿಮೆ, ಬೆಳೆದವರನ್ನು ಕೇಳಬಹುದು. ಅಷ್ಟೇ. ಯಳಂದೂರು ಕಡೆಯ ನೀರಾವರಿ ಗದ್ದೆಯ ಭತ್ತವೂ ಲೋಕಲ್, ಹನೂರಿನ ಮಳೆಯಾಶ್ರಿತ ಹೊಲದ ಸಾಮೆಯೂ ಲೋಕಲ್. ಒಂದಕ್ಕೆ ಯೂರಿಯಾ, ಕಳೆನಾಶಕ, ಕೀಟನಾಶಕ ಎಲ್ಲಾ ಬೀಳುವುದು ಸಾಮಾನ್ಯ. ಇನ್ನೊಂದಕ್ಕೆ ಹೆಚ್ಚೆಂದರೆ ಒಂದಿಷ್ಟು ಗೊಬ್ಬರ.

ಸಾವಯವ ಮಾತ್ರ ಬೆಳೆದ ರೀತಿಯ ಮಾತು, ಕಾನೂನಿನ ಮಾತು ಕೂಡ. ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸದೆ ಬೆಳೆದದ್ದು ಅಂತ ಯಾರಾದರೂ ಪರಿಶೀಲಿಸಿ ಬರೆದುಕೊಟ್ಟಿರಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಸಾವಯವ ಆಹಾರಕ್ಕೇ ಪ್ರತ್ಯೇಕ ನಿಯಮ ತಂದಿದೆ. ಅಸಲಿ ಸಾವಯವ ಪ್ಯಾಕೆಟ್ ಮೇಲೆ 'ಜೈವಿಕ್ ಭಾರತ್' ಗುರುತು ಇರಬೇಕು. ಬರೀ ಹಸಿರು ಎಲೆ ಚಿತ್ರ, 'ನ್ಯಾಚುರಲ್', 'ಫಾರ್ಮ್ ಫ್ರೆಶ್', 'ಅಜ್ಜಿ ಕಾಲದ' ಅನ್ನುವ ಬರಹಗಳಿಗೆ ಕಾನೂನಿನಲ್ಲಿ ಸಾವಯವ ಅನ್ನುವ ಅರ್ಥವಿಲ್ಲ. ಅವುಗಳಿಗೆ ಹೆಚ್ಚು ದುಡ್ಡು ಕೊಡುವುದು ಚಿತ್ರಕ್ಕೆ ದುಡ್ಡು ಕೊಟ್ಟಂತೆ.

ದುಬಾರಿ ಯಾಕೆ?

'ಗೊಬ್ಬರ, ಔಷಧಿ ಖರ್ಚೇ ಇಲ್ಲವಲ್ಲ, ಮತ್ಯಾಕೆ ಜಾಸ್ತಿ ಬೆಲೆ?' ಅಂತ ಗ್ರಾಹಕರು ಕೇಳುವುದು ಸಹಜ. ಲೆಕ್ಕ ಹಾಕಿದರೆ ಸಂಗತಿ ತಿಳಿಯುತ್ತದೆ.

45 ಕಿಲೋ ಯೂರಿಯಾ ಮೂಟೆಗೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಅದರ ನಿಜವಾದ ಬೆಲೆಯ ದೊಡ್ಡ ಪಾಲನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಕಂಪನಿಗಳಿಗೆ ಕಟ್ಟುತ್ತದೆ. ಆ ಒಂದು ಮೂಟೆಯಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರೋದು ಹತ್ತಿರ ಹತ್ತಿರ ಶೇ 0.5 ಮಾತ್ರ. ಅಂದರೆ ಅಷ್ಟೇ ಸಾರಜನಕ ಬೇಕಾದರೆ ನಾಲ್ಕು ಟನ್ ತಿಪ್ಪೆ ಗೊಬ್ಬರ ಹೊರಬೇಕು. ಕೊಟ್ಟಿಗೆಯಲ್ಲಿ ದನ ಇದ್ದರೆ ಸರಿ. ಇಲ್ಲದಿದ್ದರೆ ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರಿಸಬೇಕು, ಹರಡಲು ಆಳಿಗೆ ಕೂಲಿ ಬೇರೆ. ಕೊಟ್ಟಿಗೆ ಗೊಬ್ಬರ ಮಣ್ಣಿಗೆ ಕೊಡುವುದು ಬರೀ ಸಾರಜನಕ ಅಲ್ಲ, ಅದು ನಿಜ. ಮಣ್ಣು ನೀರು ಹಿಡಿದುಕೊಳ್ಳುವ ಶಕ್ತಿ ಹೆಚ್ಚುತ್ತದೆ, ಎರೆಹುಳು ಬರುತ್ತದೆ, ಅದರ ಫಲ ಎರಡು ಮೂರು ವರ್ಷ ಸಿಗುತ್ತದೆ. ಆದರೆ ಆ ವರ್ಷದ ಸಾಲ ಆ ವರ್ಷವೇ ತೀರಬೇಕಲ್ಲ.

ಇನ್ನು ಕಳೆ. ಕಳೆನಾಶಕ ಹೊಡೆದರೆ ಅರ್ಧ ದಿನದ ಕೆಲಸ. ಕೈಯಲ್ಲಿ ಕೀಳಿಸಿದರೆ ಎಕರೆಗೆ ಹಲವು ಹೆಣ್ಣಾಳು ಬೇಕು; ಸುಗ್ಗಿ ಹೊತ್ತಿನಲ್ಲಿ ಆಳು ಸಿಗುವುದೇ ಕಷ್ಟ. ಇದರ ಮೇಲೆ ಇಳುವರಿ ಕಡಿತ. 2012ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ ಸಾವಯವ ಇಳುವರಿ ಬೆಳೆ ಮತ್ತು ಜಾಗ ನೋಡಿಕೊಂಡು ಶೇ 5ರಿಂದ 34ರಷ್ಟು ಕಡಿಮೆ. ನೆರೆಯ ಶ್ರೀಲಂಕಾ 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಭತ್ತ, ಟೀ ಬೆಳೆ ಕುಸಿದು, ಕೆಲವೇ ತಿಂಗಳಲ್ಲಿ ಆದೇಶ ಹಿಂದಕ್ಕೆ ಪಡೆದದ್ದು ಎಲ್ಲರಿಗೂ ಗೊತ್ತು. ಮಣ್ಣು ತಯಾರಾಗಲು ಸಮಯ ಬೇಕು.

ಆ ಸಮಯವೇ ರೈತನಿಗೆ ದೊಡ್ಡ ಪೆಟ್ಟು. ರಾಷ್ಟ್ರೀಯ ಸಾವಯವ ಪ್ರಮಾಣೀಕರಣದ ನಿಯಮದಲ್ಲಿ ರಾಗಿ, ಭತ್ತದಂಥ ಬೆಳೆಗೆ 2 ವರ್ಷ, ತೆಂಗು, ಮಾವಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆ ಅವಧಿ. ಆ ಅವಧಿಯಲ್ಲಿ ಇಳುವರಿ ಇಳಿಯುತ್ತದೆ, ಆದರೆ 'ಸಾವಯವ' ಅಂತ ಹೇಳಿ ಜಾಸ್ತಿ ಬೆಲೆಗೆ ಮಾರುವ ಹಾಗಿಲ್ಲ. 2015ರಲ್ಲಿ ಶುರುವಾದ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಗುಂಪು ಕಟ್ಟಿಕೊಂಡ ರೈತರಿಗೆ 3 ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ ನೆರವಿದೆ; ಅದರಲ್ಲಿ ಗೊಬ್ಬರ ಇತ್ಯಾದಿಗೆ ರೈತನ ಖಾತೆಗೆ ನೇರ ಬರುವುದು 15,000. ವರ್ಷಕ್ಕೆ 5,000 ಆಯಿತು. ಎರಡು ಎಕರೆಯ ರೈತನಿಗೆ ಅದರಿಂದ ಕಳೆ ಕೀಳಿಸುವ ಖರ್ಚೂ ಪೂರ್ತಿ ಹುಟ್ಟುವುದು ಕಷ್ಟ.

ಹನೂರಿನ ಹೊಲ ಹೇಳುವ ಲೆಕ್ಕ

ಮೇಲಿನ ಕಷ್ಟವೆಲ್ಲ ಹೆಚ್ಚಾಗಿ ನೀರಾವರಿ ಬೆಳೆಗಳದ್ದು. ಹನೂರು ತಾಲ್ಲೂಕಿನ ಬಹುಪಾಲು ಜಮೀನು ಮಳೆ ನಂಬಿದ ಜಮೀನು. ಅಲ್ಲಿ ರಾಗಿ, ಸಾಮೆ, ಹುರುಳಿ, ಅವರೆ ಬೆಳೆಯುವ ಕ್ರಮವೇ ಬೇರೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಾರೆ. ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುವ ರೂಢಿ ಇದೆ. ಮಳೆ ಬರುತ್ತೋ ಇಲ್ವೋ ಗೊತ್ತಿಲ್ಲದ ಹೊಲಕ್ಕೆ ದುಬಾರಿ ಕೀಟನಾಶಕ ಸುರಿಯಲು ಯಾರೂ ಹೋಗುವುದಿಲ್ಲ. ರಾಗಿಗೆ ಹುಳದ ಕಾಟವೂ ಕಡಿಮೆ. ಬಿತ್ತುವಾಗ ಒಂದಿಷ್ಟು ಡಿಎಪಿ, ಆಮೇಲೆ ಮಳೆ ಬಂದರೆ ಒಂದಿಷ್ಟು ಯೂರಿಯಾ ಹಾಕುವವರು ಇದ್ದಾರೆ. ಆದ್ದರಿಂದ ಅದನ್ನು ಸಾವಯವ ಅನ್ನುವ ಹಾಗಿಲ್ಲ. ಆದರೆ ಊಟದ ತಟ್ಟೆಗೆ ಕೀಟನಾಶಕದ ಶೇಷ ಬರುವ ಭಯಕ್ಕೆ ಇಲ್ಲಿ ಕಾರಣ ತುಂಬಾ ಕಡಿಮೆ. ಕೀಟನಾಶಕ ಹೊಡೆಯದ ಬೆಳೆಯಲ್ಲಿ 'ಕೀಟನಾಶಕ ಇಲ್ಲ' ಅನ್ನುವ ಲೇಬಲ್ಲಿಗೆ ಡಬಲ್ ಬೆಲೆ ಯಾಕೆ ಕೊಡಬೇಕು?

ಒಂದು ಮನೆಯ ಲೆಕ್ಕ ನೋಡಿ. ತಿಂಗಳಿಗೆ 15 ಕಿಲೋ ರಾಗಿ ಬೇಕು ಅಂದುಕೊಳ್ಳಿ. 2025–26ಕ್ಕೆ ಸರ್ಕಾರ ನಿಗದಿ ಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿ ಹತ್ತಿರ. ಪರಿಚಯದ ರೈತರಿಂದ ಕಿಲೋಗೆ 50ರಂತೆ ಕೊಂಡು, ಮಿಲ್ಲಿನಲ್ಲಿ ಬೀಸಲು ಕಿಲೋಗೆ 5 ರೂಪಾಯಿ ಇಟ್ಟರೆ ತಿಂಗಳಿಗೆ 825 ರೂಪಾಯಿ. ಅದೇ ಆರ್ಗ್ಯಾನಿಕ್ ಹಿಟ್ಟಿನ ಪ್ಯಾಕೆಟ್ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ 1,500. ವರ್ಷಕ್ಕೆ ವ್ಯತ್ಯಾಸ 8,100 ರೂಪಾಯಿ. ರೈತನಿಗೂ ಇದರಲ್ಲಿ ನಷ್ಟವಿಲ್ಲ. ಖರೀದಿ ಕೇಂದ್ರದ ಮುಂದೆ ಮೂಟೆ ಇಟ್ಟುಕೊಂಡು ಕಾಯುವುದು ತಪ್ಪುತ್ತದೆ, ದುಡ್ಡು ಕೈಗೆ ಅಂದೇ ಬರುತ್ತದೆ.

ಪೌಷ್ಟಿಕತೆಯ ಮಾತು ಬಂದರೆ, ಸಾವಯವ ಅಕ್ಕಿಯೋ ಮಾಮೂಲಿ ಅಕ್ಕಿಯೋ ಅನ್ನುವುದಕ್ಕಿಂತ ಅಕ್ಕಿಯೋ ರಾಗಿಯೋ ಅನ್ನುವ ಪ್ರಶ್ನೆ ದೊಡ್ಡದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಇದ್ದರೆ ಹೆಚ್ಚು. ದುಬಾರಿ ಸಾವಯವ ಸೋನಾ ಮಸೂರಿ ತಂದು ರಾಗಿ ಮುದ್ದೆ ಬಿಟ್ಟವರಿಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಸಾಮೆಯ ವಿಚಾರ ಸ್ವಲ್ಪ ಬೇರೆ. ರಾಗಿಯನ್ನು ನೇರ ಬೀಸಬಹುದು, ಸಾಮೆಯ ಹೊಟ್ಟು ತೆಗೆಯಲೇಬೇಕು. ಹೊಟ್ಟು, ನುಚ್ಚು ಕಳೆದು 100 ಕಿಲೋ ಸಾಮೆಗೆ ಅಕ್ಕಿ ಸಿಗುವುದು 60–70 ಕಿಲೋ. ಅದಕ್ಕೆ ಬೇರೆ ಯಂತ್ರವೂ ಬೇಕು. ಬೆಳೆಯುವ ಊರಿನಲ್ಲೇ ಆ ಯಂತ್ರ ಇಲ್ಲದಿದ್ದರೆ ಕಾಳು ಹೊರಗೆ ಹೋಗುತ್ತದೆ, ಅಕ್ಕಿಯಾಗಿ ಎರಡು ಮೂರು ಪಟ್ಟು ಬೆಲೆಗೆ ವಾಪಸ್ ಬರುತ್ತದೆ. ಸಿರಿಧಾನ್ಯ ಬೆಳೆಯುವವರಿಗೆ ರಾಜ್ಯ ಸರ್ಕಾರದ 'ರೈತ ಸಿರಿ' ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವಿದೆ. ಬೆಳೆಸಲು ದುಡ್ಡು ಕೊಟ್ಟರಷ್ಟೇ ಸಾಲದು. ಹೊಟ್ಟು ತೆಗೆಯುವ ಯಂತ್ರ ಹೋಬಳಿಗೊಂದು ಇದ್ದಿದ್ದರೆ ಸಾಮೆ ಅಕ್ಕಿ ಇವತ್ತು ಶ್ರೀಮಂತರ ಊಟ ಆಗುತ್ತಿರಲಿಲ್ಲ. ಕೊಳ್ಳುವಾಗ ತೀರಾ ಬೆಳ್ಳಗಿರುವ ಸಾಮೆ ಅಕ್ಕಿ ಬಿಟ್ಟು ಮಾಸಲು ಬಣ್ಣದ್ದು ಆರಿಸಿ. ಬೆಳ್ಳಗಾಗುವಷ್ಟು ಪಾಲಿಶ್ ಮಾಡಿದರೆ ನಾರು ಹೋಗಿ, ಉಳಿಯುವುದು ಅಕ್ಕಿಯಂಥದ್ದೇ ಅಕ್ಕಿ.

ದುಡ್ಡು ಕೊಡಬೇಕಾದ ಜಾಗ: ತರಕಾರಿ

ಹೆಚ್ಚು ಬೆಲೆ ಕೊಟ್ಟರೂ ಪರವಾಗಿಲ್ಲ ಅನ್ನುವ ಜಾಗ ಒಂದಿದ್ದರೆ ಅದು ತರಕಾರಿ ಮತ್ತು ಸೊಪ್ಪು. ಟೊಮೆಟೊ, ಬದನೆ, ಬೆಂಡೆ, ಹೂಕೋಸು, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಪದೇ ಪದೇ ಔಷಧಿ ಬೀಳುವ ಬೆಳೆಗಳು. ಹೆಚ್ಚಿನವನ್ನು ಸಿಪ್ಪೆ ಸಮೇತ ತಿನ್ನುತ್ತೇವೆ. ಮೇಲಾಗಿ ಬೆಂಡೆ, ಟೊಮೆಟೊ ಒಂದು ಕೊಯ್ಲಿಗೂ ಇನ್ನೊಂದು ಕೊಯ್ಲಿಗೂ ನಡುವೆ ಔಷಧಿ ಕಾಣುವುದುಂಟು.

ಔಷಧಿ ಹೊಡೆದ ಮೇಲೆ ಕೊಯ್ಯುವವರೆಗೆ ಇಂತಿಷ್ಟು ದಿನ ಬಿಡಬೇಕು ಅಂತ ಪ್ರತಿ ಕೀಟನಾಶಕಕ್ಕೂ ಕಾಯುವ ಅವಧಿ ಇರುತ್ತದೆ, ಡಬ್ಬಿಯ ಜೊತೆಗಿರುವ ಚೀಟಿಯಲ್ಲಿ ಅದು ಬರೆದಿರುತ್ತದೆ. ಮಾರುಕಟ್ಟೆಗೆ ಒಳ್ಳೆ ರೇಟು ಬಂದ ದಿನ ಆ ಚೀಟಿ ಯಾರೂ ನೋಡುವುದಿಲ್ಲ ಅನ್ನೋದು ಬಾಯಿಬಿಟ್ಟು ಹೇಳದ ಸತ್ಯ. ತೊಳೆದರೆ ಹೋಗಲ್ವಾ? ಮೇಲ್ಮೈಯಲ್ಲಿ ಕೂತದ್ದು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಒಂದಿಷ್ಟು ಹೋಗುತ್ತದೆ. ಗಿಡದೊಳಗೆ ಹೀರಿಕೊಳ್ಳುವ ಜಾತಿಯ ಔಷಧಿ ತೊಳೆದರೆ ಹೋಗುವುದಿಲ್ಲ.

ಇಲ್ಲಿ ಈ ಭಾಗಕ್ಕೇ ವಿಶೇಷವಾದ ಒಂದು ಅನುಕೂಲ ಇದೆ: ರೇಷ್ಮೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ತೇಲಿ ಬಂದು ಕೂತರೂ ಹುಳ ಸಾಯುತ್ತವೆ, ಇಡೀ ಬೆಳೆ ಹೋಗುತ್ತದೆ. ಹಾಗಾಗಿ ಹುಳ ಸಾಕುವ ಮನೆಗೆ ಕಾಯುವ ಅವಧಿ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಿಲ್ಲ. ಸೊಪ್ಪಿನ ತೋಟದ ಬದುವಿನಲ್ಲಿ ಬೆಳೆದ ಹಾಗಲ, ಕುಂಬಳ, ನುಗ್ಗೆ, ಹರಿವೆ ಸೊಪ್ಪು ಸಿಕ್ಕರೆ ಯೋಚನೆ ಮಾಡದೆ ಕೊಳ್ಳಬಹುದು. ಹಾಗೆ ನೋಡಿದರೆ ರೇಷ್ಮೆ ಹುಳಕ್ಕಿಂತ ಕಟ್ಟುನಿಟ್ಟಿನ ತಪಾಸಣಾಧಿಕಾರಿ ಇನ್ನೊಬ್ಬರಿಲ್ಲ.

ಸಂತೆಯಲ್ಲಿ ಕೇಳಬೇಕಾದ ಪ್ರಶ್ನೆ 'ಇದು ಸಾವಯವನಾ?' ಅಂತಲ್ಲ. ಹಾಗೆ ಕೇಳಿದರೆ ಉತ್ತರ ಯಾವಾಗಲೂ 'ಹೂಂ' ಅಂತಲೇ. 'ಅಕ್ಕ, ಇದು ನಿಮ್ಮ ಜಮೀನಿಂದೇನಾ, ಇಲ್ಲ ಮಂಡಿಯಿಂದ ತಂದಿದ್ದಾ?' ಅಂತ ಕೇಳಿ. ಆಮೇಲೆ, 'ಔಷಧಿ ಹೊಡೆದು ಎಷ್ಟು ದಿನ ಆಯ್ತು?' ಮಂಡಿಯಿಂದ ತಂದವರಿಗೆ ಎರಡನೆಯದಕ್ಕೆ ಉತ್ತರ ಗೊತ್ತಿರುವುದಿಲ್ಲ. ಬೆಳೆದವರಿಗೆ ಗೊತ್ತಿರುತ್ತದೆ, ಸುಳ್ಳು ಹೇಳಲು ಅವರಿಗೆ ಸಂಕೋಚವೂ ಆಗುತ್ತದೆ, ಯಾಕೆಂದರೆ ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕು. ಹುಳ ಕೊರೆದ ಒಂದೆರಡು ಬದನೆಕಾಯಿ ಇರುವ ಗುಡ್ಡೆಯನ್ನು ಚೌಕಾಸಿ ಮಾಡದೆ ತಗೊಳ್ಳಿ. ಗ್ರಾಹಕರು ಕಲೆಯಿಲ್ಲದ, ಹೊಳೆಯುವ ಕಾಯಿಯೇ ಬೇಕು ಅಂತ ಹಟ ಹಿಡಿದಷ್ಟು ದಿನ ಸ್ಪ್ರೇ ಪಂಪು ನಿಲ್ಲುವುದಿಲ್ಲ.

ಆರೋಗ್ಯದ ಲೆಕ್ಕ

ಸಾವಯವ ತಿಂದರೆ ಕಾಯಿಲೆ ವಾಸಿ ಆಗುತ್ತೆ ಅನ್ನುವ ಪ್ರಚಾರ ನಂಬಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಪೋಷಕಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಕೀಟನಾಶಕದ ಶೇಷ ಸಾವಯವದಲ್ಲಿ ಕಡಿಮೆ ಎಂದಿತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ಇನ್ನೊಂದು ಅಧ್ಯಯನ, ಸಾವಯವ ಬೆಳೆಯಲ್ಲಿ ಕೆಲವು ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು. ಎರಡೂ ಒಪ್ಪುವುದು ಶೇಷ ಕಡಿಮೆ ಅನ್ನುವುದನ್ನು.

ಔಷಧಿಯನ್ನು ಮೊದಲು ಕುಡಿಯುವುದು ತಿನ್ನುವವನಲ್ಲ, ಹೊಡೆಯುವವನು. ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ ಹೊಡೆಯುವ ಕೂಲಿಯವನ ಚರ್ಮ, ಶ್ವಾಸಕೋಶಕ್ಕೆ ಹೋಗುವ ಪ್ರಮಾಣದ ಮುಂದೆ ತಟ್ಟೆಯಲ್ಲಿ ಬರುವುದು ಸಣ್ಣದು. ಸಾವಯವಕ್ಕೆ ಕೊಡುವ ಹೆಚ್ಚಿನ ದುಡ್ಡಿನ ಬಹುದೊಡ್ಡ ಲಾಭ ಅವನಿಗೆ ಮತ್ತು ಮಣ್ಣಿಗೆ. ಪ್ಯಾಕೆಟ್ ಮೇಲೆ ಮಾತ್ರ ಅವನ ಸುದ್ದಿ ಇರುವುದಿಲ್ಲ.

ಬೆಲ್ಲ, ಅರಿಸಿನ, ಜೇನು

ಇವು ಮೂರೂ ಈ ಭಾಗದಲ್ಲೇ ಆಗುವ ಪದಾರ್ಥ. ಮೂರರಲ್ಲೂ ಸಮಸ್ಯೆ ಇರುವುದು ಕೀಟನಾಶಕಕ್ಕಿಂತ ಹೆಚ್ಚಾಗಿ ಕಲಬೆರಕೆಯಲ್ಲಿ. ಬೆಲ್ಲ ಹಳದಿ ಬಂಗಾರದಂತೆ ಹೊಳೆಯಲಿ ಅಂತ ಕೆಲವು ಆಲೆಮನೆಗಳಲ್ಲಿ 'ಹೈಡ್ರೋಸ್' ಎಂಬ ರಾಸಾಯನಿಕ ಹಾಕುವುದುಂಟು. ಕಂದು ಬಣ್ಣದ ಬೆಲ್ಲ ನೋಡಲು ಅಷ್ಟು ಚೆನ್ನಾಗಿಲ್ಲದಿದ್ದರೂ ಅದನ್ನೇ ಕೊಳ್ಳುವುದು ಲೇಸು. ಚಾಮರಾಜನಗರ ಜಿಲ್ಲೆಯ ಅರಿಸಿನ ಈರೋಡ್ ಮಾರುಕಟ್ಟೆಗೆ ಹೋಗಿ, ಪುಡಿಯಾಗಿ ಪ್ಯಾಕೆಟ್‌ನಲ್ಲಿ ಬರುವ ಬದಲು, ಒಣ ಕೊಂಬನ್ನೇ ಕೊಂಡು ಮಿಲ್ಲಿನಲ್ಲಿ ಪುಡಿ ಮಾಡಿಸಿದರೆ ಬಣ್ಣ ಬೆರೆಸುವ ಭಯವಿಲ್ಲ.

ಜೇನಿನ ಕಥೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ್ದು. 2011ರಲ್ಲಿ ಬೆಟ್ಟದ ಸೋಲಿಗರ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ಅವರು ದೇಶಕ್ಕೇ ಮೊದಲಿಗರು. ಹೆಜ್ಜೇನು, ನೆಲ್ಲಿಕಾಯಿ, ಸೀಗೆಕಾಯಿ ಸಂಗ್ರಹಿಸಿ ಲ್ಯಾಂಪ್ಸ್ ಸೊಸೈಟಿ ಮೂಲಕ ಮಾರುವ ವ್ಯವಸ್ಥೆ ಇದೆ. ಕಾಡಿನ ನೆರಳಲ್ಲಿ ಬೆಳೆಯುವ ಸೋಲಿಗರ ಕಾಫಿಗೂ ಗೊಬ್ಬರ, ಔಷಧಿ ಹೆಚ್ಚು ಕಾಣಿಸುವುದಿಲ್ಲ. ಆದರೆ ಸರ್ಟಿಫಿಕೇಟ್ ಇಲ್ಲದಿದ್ದರೆ ಕಾಫಿ ಮಾಮೂಲಿ ಬೆಲೆಗೇ ವ್ಯಾಪಾರಿಯ ಕೈಗೆ ಹೋಗುತ್ತದೆ. ಹೊರಗಿನ ಬ್ರಾಂಡ್ ಜೇನಿಗೆ ಕೊಡುವ ದುಡ್ಡನ್ನು ಇಲ್ಲಿ ಕೊಟ್ಟರೆ ಅದು ಪೋಡಿನ ಮನೆಗೆ ಮುಟ್ಟುತ್ತದೆ.

ಸರ್ಟಿಫಿಕೇಟ್ ಇಲ್ಲದವರು ಮಾರಬಹುದಾ?

ಮಾರಬಹುದು. ಇದು ಸಾಕಷ್ಟು ರೈತರಿಗೂ ಗೊತ್ತಿಲ್ಲದ ವಿಷಯ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರ ಅಥವಾ ಬೆಳೆಗಾರರ ಗುಂಪು ನೇರವಾಗಿ ಗ್ರಾಹಕರಿಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಜೈವಿಕ್ ಭಾರತ್ ಗುರುತು ಮಾತ್ರ ಹಾಕುವಂತಿಲ್ಲ. ಅಂಗಡಿಗೆ ಕೊಡಬೇಕಾದರೆ ಎರಡು ದಾರಿ: ಹೊರಗಿನ ಸಂಸ್ಥೆಯಿಂದ ದುಡ್ಡು ಕೊಟ್ಟು ಮಾಡಿಸುವ ಪ್ರಮಾಣೀಕರಣ, ಇಲ್ಲವೇ ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿ. ಎರಡನೆಯದಕ್ಕೆ ಶುಲ್ಕವಿಲ್ಲ. ಪಿಜಿಎಸ್‌ನಲ್ಲಿ 'ಗ್ರೀನ್' ಅಂತಿದ್ದರೆ ಇನ್ನೂ ಪರಿವರ್ತನೆ ಹಂತ, 'ಆರ್ಗ್ಯಾನಿಕ್' ಅಂತಿದ್ದರೆ ಪೂರ್ತಿ. ಕೊಳ್ಳುವವರು ಇದನ್ನು ಗಮನಿಸಬೇಕು.

ಕೀಟನಾಶಕದ ಶೇಷ ಪತ್ತೆಗೆ ಲ್ಯಾಬ್ ಪರೀಕ್ಷೆ ಮಾಡಿಸಲು ಒಂದು ಮಾದರಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಮನೆಯವರು ಮಾಡಿಸುವಂಥದ್ದಲ್ಲ. ಹತ್ತು ಮನೆಯವರು ಸೇರಿ ಒಬ್ಬರೋ ಇಬ್ಬರೋ ರೈತರನ್ನು ಹಿಡಿದು, ಹೊಲ ನೋಡಿ ಬಂದು, ವರ್ಷದ ರಾಗಿ, ಅವರೆ, ಹುರುಳಿಗೆ ಮೊದಲೇ ಮಾತಾಡಿಕೊಳ್ಳುವುದು ಅದಕ್ಕಿಂತ ಅಗ್ಗ. ಹೀಗೆ ಬೆಳೆಯುವವರು ಈ ಸೀಮೆಗೆ ಹೊಸಬರೂ ಅಲ್ಲ. ಕೊಳ್ಳೇಗಾಲ ತಾಲ್ಲೂಕಿನ ದೊಡ್ಡಿಂದುವಾಡಿಯಲ್ಲಿ ಎಂ.ಕೆ. ಕೈಲಾಸಮೂರ್ತಿ ಜಪಾನಿನ ಫುಕುವೊಕಾ ದಾರಿಯ ಸಹಜ ಕೃಷಿಯನ್ನು ದಶಕಗಳ ಹಿಂದೆಯೇ ಶುರು ಮಾಡಿದವರು. ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳುವಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಟ್ಟಿದ ಅಮೃತಭೂಮಿಯಲ್ಲಿ ರೈತರಿಗೆ ತರಬೇತಿ ನಡೆಯುತ್ತದೆ. ಹೊಸದಾಗಿ ಶುರು ಮಾಡುವವರು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಬಹುದು.

ಹೊಸ ರಾಗಿ ಬರುವುದು ಡಿಸೆಂಬರ್–ಜನವರಿಯಲ್ಲಿ. ಕಣ ಮುಗಿದ ಕೂಡಲೇ ಬೆಲೆ ಇಳಿದಿರುತ್ತದೆ, ರೈತನಿಗೂ ದುಡ್ಡಿನ ತುರ್ತು ಇರುತ್ತದೆ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಉಣ್ಣುತ್ತಿದ್ದ ಕಾಳು ಇದು. ಒಣಗಿದ್ದರೆ ಹುಳ ಹಿಡಿಯುವುದಿಲ್ಲ. ಎರಡು ಕ್ವಿಂಟಲ್ ಒಮ್ಮೆಗೇ ಕೊಂಡರೆ 15 ಕಿಲೋ ಲೆಕ್ಕದಲ್ಲಿ 13 ತಿಂಗಳು ಬರುತ್ತದೆ. ಹಿಟ್ಟು ಮಾತ್ರ ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ, ಜಾಸ್ತಿ ಇಟ್ಟರೆ ಮುಗ್ಗುತ್ತದೆ.